ತಳ ತಿರುಗಿಸಿ ನೋಡುವವರ ಪತ್ರಿಕೆ

ನಿಜವಾದ ಕಾರನ್ನು ಅಳತೆಗೆ ತಕ್ಕಂತೆ ಕುಗ್ಗಿಸಿ ಮಾಡಿದ ಹಳೆಯದೊಂದು ಸ್ಕೇಲ್ ಮಾಡೆಲ್ ಕಾರು ಕೈಗೆ ಬಂದಾಗ ಅನುಭವಿ ಸಂಗ್ರಾಹಕರು ಮೊದಲು ನೋಡುವುದು ಅದರ ಬಣ್ಣವನ್ನಲ್ಲ, ಅದರ ತಳವನ್ನು. ತಯಾರಿಸಿದವರ ಹೆಸರು, ತಯಾರಾದ ದೇಶ, ಮಾದರಿಯ ಸಂಖ್ಯೆ, ಕೆಲವೊಮ್ಮೆ ಅಳತೆಯ ಪ್ರಮಾಣ ಅಲ್ಲಿ ಮೂಡಿರುತ್ತವೆ. ಅಕ್ಷರಗಳಲ್ಲಿ ಇಲ್ಲದ ಇನ್ನೂ ಎಷ್ಟೋ ಸಂಗತಿಗಳು ಅದೇ ತಳದಲ್ಲಿ ಅಡಗಿರುತ್ತವೆ. ತಳ ಲೋಹದ್ದೇ ಪ್ಲಾಸ್ಟಿಕ್ಕಿನದೇ, ಅದಕ್ಕೆ ಕಪ್ಪು ಬಣ್ಣ ಬಳಿದಿದ್ದಾರೆಯೇ ಬರಿದಾಗಿ ಬಿಟ್ಟಿದ್ದಾರೆಯೇ, ರಿವೆಟ್ಟಿನ ತಲೆ ಕಾರ್ಖಾನೆಯಲ್ಲಿ ಒತ್ತಿದಂತೆಯೇ ಇದೆಯೇ ಅಥವಾ ಯಾರೋ ಕೊರೆದು ತೆಗೆದು ಮತ್ತೆ ಕೂರಿಸಿದ ಗುರುತಿದೆಯೇ, ಆಕ್ಸಲ್ ದಪ್ಪನೆಯದೇ ತೆಳುವಾದದ್ದೇ ಎಂಬ ಪ್ರಶ್ನೆಗಳಿಗೆ ಉತ್ತರ ಸಿಕ್ಕಿದ ಮೇಲೆಯೇ ಆ ಕಾರು ಯಾವ ವರ್ಷದ ಆಸುಪಾಸಿನದು, ಯಾವ ಕಾರ್ಖಾನೆಯಿಂದ ಹೊರಬಂದದ್ದು, ಮೇಲಿರುವ ಬಣ್ಣ ಅದರ ಮೂಲ ಬಣ್ಣವೇ ಎಂದು ಧೈರ್ಯವಾಗಿ ಹೇಳಲು ಸಾಧ್ಯ.

ಈ ತಿಳಿವಳಿಕೆ ಯಾವ ವಿಶ್ವವಿದ್ಯಾಲಯದಲ್ಲೂ ಇಲ್ಲ. ವಸ್ತುಸಂಗ್ರಹಾಲಯಗಳಲ್ಲಿ ಅದು ಅಲ್ಪಸ್ವಲ್ಪ ಇರಬಹುದು. ಅದನ್ನು ಕಟ್ಟಿ ಬೆಳೆಸಿದವರು ಸಂಗ್ರಾಹಕರೇ, ಮತ್ತು ಅದು ಉಳಿದುಕೊಂಡಿರುವುದು ಅವರು ತಮ್ಮ ಬಿಡುವಿನ ವೇಳೆಯಲ್ಲಿ, ಬಹುತೇಕ ಸಂಭಾವನೆಯಿಲ್ಲದೆ ಬರೆಯುವ ಪತ್ರಿಕೆಗಳಲ್ಲಿ. ಈಗ ಅಂಥ ಪತ್ರಿಕೆಗಳು ಅಂತರ್ಜಾಲದಲ್ಲಿ ಉಚಿತವಾಗಿಯೇ ಓದಲು ಸಿಗುತ್ತವೆ. ಒಬ್ಬರು ಹೊಸದಾಗಿ ಬಂದ ಮಾದರಿಯನ್ನು ಮೂಲ ಕಾರಿನ ಪಕ್ಕಕ್ಕಿಟ್ಟು ವಿಮರ್ಶಿಸುತ್ತಾರೆ. ಇನ್ನೊಬ್ಬರು ಐವತ್ತು ವರ್ಷಗಳ ಹಿಂದೆ ಮುಚ್ಚಿಹೋದ ಕಂಪನಿಯೊಂದರ ಮಾದರಿಗಳ ಪಟ್ಟಿಯನ್ನು ಸಂಖ್ಯೆಯಿಂದ ಸಂಖ್ಯೆಗೆ ಕಟ್ಟುತ್ತಾ ಹೋಗುತ್ತಾರೆ. ನಾನು ಇವುಗಳನ್ನು ಬಹಳ ಕಾಲದಿಂದ ಓದುತ್ತಾ ಬಂದಿದ್ದೇನೆ. ಆಟಿಕೆಗಳ ಬಗ್ಗೆ ಬರೆಯುವ ಈ ಜನ ನಿಜಕ್ಕೂ ಮಾಡುತ್ತಿರುವುದು ಕೈಗಾರಿಕಾ ಇತಿಹಾಸದ ದಾಖಲಾತಿ ಎಂಬ ನಂಬಿಕೆ ಓದಿದಷ್ಟೂ ಗಟ್ಟಿಯಾಗಿದೆ.

ಈ ಹವ್ಯಾಸದ ಬೇರಿನಲ್ಲೇ ಒಂದು ಪತ್ರಿಕೆಯಿದೆ ಎಂಬುದನ್ನು ಇಲ್ಲಿ ನೆನೆಯಬೇಕು. ಲಿವರ್‌ಪೂಲಿನ ಫ್ರಾಂಕ್ ಹಾರ್ನ್‌ಬಿ ತಮ್ಮ ಮೆಕಾನೊ ಜೋಡಣೆ ಆಟಿಕೆಗಳ ಜೊತೆಜೊತೆಗೆ 1916ರಲ್ಲಿ ಮೆಕಾನೊ ಮ್ಯಾಗಝೀನ್ ಆರಂಭಿಸಿದರು. ಮೊದಮೊದಲು ಅದು ಕೆಲವೇ ಪುಟಗಳ, ಕೇಳಿದವರಿಗೆ ಉಚಿತವಾಗಿ ಕಳಿಸುವ ಪತ್ರಿಕೆಯಾಗಿತ್ತು. ಅದರ ಉದ್ದೇಶ ವ್ಯಾಪಾರವೇ, ನಿಜ. ಆದರೆ ಸೇತುವೆ, ಉಗಿಬಂಡಿ, ಹಡಗು, ಕ್ರೇನುಗಳ ಬಗ್ಗೆ ಮಕ್ಕಳಿಗೆ ಗಂಭೀರವಾಗಿ ಬರೆಯಬಹುದು ಎಂಬುದನ್ನು ಅದು ತೋರಿಸಿಕೊಟ್ಟಿತು. ಅದೇ ಕಂಪನಿ 1933ರ ಕೊನೆಯಲ್ಲಿ ಹಾರ್ನ್‌ಬಿ ಆಟಿಕೆ ರೈಲುಗಳ ಪಕ್ಕದಲ್ಲಿ ಇಡಲೆಂದು ಆರು ಪುಟ್ಟ ವಾಹನಗಳ ಒಂದು ಸೆಟ್ ತಂದಿತು: ಎರಡು ಕಾರು, ಒಂದು ಟ್ರಕ್, ಒಂದು ವ್ಯಾನ್, ಒಂದು ಟ್ರ್ಯಾಕ್ಟರ್, ಒಂದು ಟ್ಯಾಂಕ್. ಮರುವರ್ಷ, 1934ರಲ್ಲಿ, ಅವುಗಳಿಗೆ ಡಿಂಕಿ ಟಾಯ್ಸ್ ಎಂಬ ಹೆಸರು ಬಂತು. ರೈಲಿನ ನಿಲ್ದಾಣದ ಅಂಗಳಕ್ಕೆ ಶೋಭೆಯಾಗಿ ಹುಟ್ಟಿದ ಕಾರು ರೈಲನ್ನೇ ಹಿಂದಿಕ್ಕಿತು.

ಇಂದಿಗೂ ಗಂಭೀರ ಸಂಗ್ರಾಹಕರಿಗೆ ಮೆಚ್ಚಿನ 1:43 (ನಿಜವಾದ ಕಾರಿನ ನಲವತ್ತಮೂರರಲ್ಲಿ ಒಂದು ಪಾಲು) ಎಂಬ ವಿಚಿತ್ರ ಪ್ರಮಾಣ ಬಂದದ್ದೂ ಆ ರೈಲಿನಿಂದಲೇ. ಬ್ರಿಟನ್ನಿನ ಓ ಗೇಜ್ ಎಂಬ ಗಾತ್ರದ ಆಟಿಕೆ ರೈಲುಗಳಲ್ಲಿ ನಿಜವಾದ ಒಂದು ಅಡಿಗೆ 7 ಮಿಲಿಮೀಟರ್ ಎಂಬ ಲೆಕ್ಕವಿತ್ತು. ಒಂದು ಅಡಿಯೆಂದರೆ 304.8 ಮಿಲಿಮೀಟರ್, ಅದನ್ನು ಏಳರಿಂದ ಭಾಗಿಸಿದರೆ ಸುಮಾರು 43.5. ನಮ್ಮ ಅಂಬಾಸಿಡರ್ ಕಾರಿನ ಉದ್ದ 4.3 ಮೀಟರಿನಷ್ಟು, ಆದ್ದರಿಂದ 1:43ರಲ್ಲಿ ಅದು ಹತ್ತು ಸೆಂಟಿಮೀಟರ್ ಆಗುತ್ತದೆ, ಹಾಟ್ ವೀಲ್ಸ್ ಗಾತ್ರದ ಕಾರುಗಳ ನೆಲೆಯಾದ 1:64ರಲ್ಲಿ ಸುಮಾರು ಆರೂಮುಕ್ಕಾಲು, 1:18ರಲ್ಲಿ ಇಪ್ಪತ್ತನಾಲ್ಕು.

ಆದರೆ ಒಳ್ಳೆಯ ಮಾದರಿ ಕೇವಲ ಭಾಗಾಕಾರದಿಂದ ಹುಟ್ಟುವುದಿಲ್ಲ, ಮತ್ತು ಇದನ್ನು ನನಗೆ ಕಲಿಸಿದ್ದು ಅಂಥ ಪತ್ರಿಕೆಗಳ ವಿಮರ್ಶೆಗಳೇ. ಸುಮಾರು 1,100 ಕಿಲೋ ತೂಗುವ ಅಂಬಾಸಿಡರನ್ನು ಮೂರೂ ಆಯಾಮಗಳಲ್ಲಿ ನಲವತ್ತಮೂರು ಪಟ್ಟು ಕುಗ್ಗಿಸಿದರೆ ಅದರ ತೂಕ 14 ಗ್ರಾಂ ಆಸುಪಾಸಿಗೆ ಇಳಿಯಬೇಕು. ಕೈಯಲ್ಲಿ ಹಿಡಿದ ಲೋಹದ ಮಾದರಿ ಅದಕ್ಕಿಂತ ಎಷ್ಟೋ ಭಾರ, ಏಕೆಂದರೆ ಎರಕದ ಗೋಡೆಯನ್ನು ಒಂದು ಮಿಲಿಮೀಟರಿಗಿಂತ ಬಹಳ ತೆಳುವಾಗಿಸಲು ಆಗುವುದಿಲ್ಲ. ನಿಜವಾದ ಕಾರಿನ ಬಾಗಿಲಿಗೂ ಮಡ್ಗಾರ್ಡಿಗೂ ನಡುವೆ ನಾಲ್ಕು ಮಿಲಿಮೀಟರ್ ಸಂದು ಇದ್ದರೆ ಮಾದರಿಯಲ್ಲಿ ಅದು ಒಂದು ಮಿಲಿಮೀಟರಿನ ಹತ್ತನೆಯ ಒಂದು ಭಾಗಕ್ಕಿಂತಲೂ ಕಡಿಮೆಯಾಗಬೇಕು, ಆಗ ಬಳಿದ ಬಣ್ಣವೇ ಅದನ್ನು ಮುಚ್ಚಿಬಿಡುತ್ತದೆ. ಹಾಗಾಗಿ ಅಚ್ಚು ಮಾಡುವವನು ಸಂದನ್ನು ಬೇಕೆಂದೇ ಹಿಗ್ಗಿಸುತ್ತಾನೆ, ಗ್ರಿಲ್ಲಿನ ಗೆರೆಗಳ ಸಂಖ್ಯೆಯನ್ನು ಕಡಿಮೆ ಮಾಡುತ್ತಾನೆ, ಹಲವೊಮ್ಮೆ ಚಾವಣಿಯ ಬಾಗನ್ನು ಕಣ್ಣಿಗೆ ಸರಿಕಾಣುವಷ್ಟು ತಿದ್ದುತ್ತಾನೆ. ಅಳತೆಗೆ ಸಂಪೂರ್ಣ ನಿಷ್ಠವಾದ ಮಾದರಿ ಏಕೋ ಪೆಚ್ಚಾಗಿ ಕಾಣುವುದೂ, ಅಲ್ಲಲ್ಲಿ ತಿದ್ದಿದ ಮಾದರಿ ಜೀವಂತವಾಗಿ ಕಾಣುವುದೂ ಇದರಿಂದಲೇ. ಧರ್ಮಸ್ಥಳದ ಕಾರು ಸಂಗ್ರಹದಲ್ಲಿ, ಮೈಸೂರು ಹೆದ್ದಾರಿಯ ಪಯಣ ವಸ್ತುಸಂಗ್ರಹಾಲಯದಲ್ಲಿ ಹಳೆಯ ಕಾರಿನ ಮುಂದೆ ನಿಂತಾಗ ನನ್ನ ಕಣ್ಣು ತಾನಾಗಿಯೇ ಈ ಲೆಕ್ಕಕ್ಕೆ ಇಳಿಯುತ್ತದೆ: ಈ ಮಡ್ಗಾರ್ಡಿನ ತಿರುವಿನಲ್ಲಿ ಬೆಳಕು ಹೀಗೆ ಜಾರುವುದನ್ನು ಬೆರಳುದ್ದದ ಲೋಹದಲ್ಲಿ ಹಿಡಿಯಬೇಕಾದರೆ ಯಾವುದನ್ನು ಬಿಡಬೇಕು, ಯಾವುದನ್ನು ಹೆಚ್ಚಿಸಬೇಕು?

ಲಂಡನ್ನಿನ ಲೆಸ್ನಿ ಕಂಪನಿ ಇನ್ನೊಂದು ದಾರಿ ಹಿಡಿಯಿತು. 1947ರಲ್ಲಿ ಲೆಸ್ಲಿ ಸ್ಮಿತ್ ಮತ್ತು ರಾಡ್ನಿ ಸ್ಮಿತ್ ಆರಂಭಿಸಿದ ಆ ಕಂಪನಿಯನ್ನು ಬೇಗನೆ ಸೇರಿದ ಜ್ಯಾಕ್ ಓಡೆಲ್ ಎರಕದ ಕೆಲಸದಲ್ಲಿ ಪಳಗಿದ ಕೈ. 1953ರಲ್ಲಿ ರಾಣಿ ಎರಡನೆಯ ಎಲಿಜಬೆತ್ ಪಟ್ಟಾಭಿಷೇಕದ ಸಮಯಕ್ಕೆ ಅವರು ತಂದ ಪುಟ್ಟ ರಾಜರಥ ಹತ್ತು ಲಕ್ಷಕ್ಕೂ ಹೆಚ್ಚು ಮಾರಾಟವಾಯಿತು. ಬೆಂಕಿಪೊಟ್ಟಣದಲ್ಲಿ ಹಿಡಿಯುವ ಆಟಿಕೆಯನ್ನು ಮಾತ್ರ ತರಬಹುದು ಎಂಬ ನಿಯಮವಿದ್ದ ಶಾಲೆಗೆ ಹೋಗುತ್ತಿದ್ದ ಮಗಳಿಗಾಗಿ ಓಡೆಲ್ ಹಿತ್ತಾಳೆಯಲ್ಲಿ ಒಂದು ಪುಟ್ಟ ರೋಡ್ ರೋಲರ್ ಮಾಡಿಕೊಟ್ಟ ಕಥೆ ಈ ಹವ್ಯಾಸದವರಿಗೆಲ್ಲ ಗೊತ್ತು. ಲೆಸ್ನಿಯ ಪುಟ್ಟ ಕಾರುಗಳಿಗೆ ಮ್ಯಾಚ್‌ಬಾಕ್ಸ್ ಎಂಬ ಹೆಸರೂ ಅಲ್ಲಿಂದಲೇ ಬಂತು. ಇಲ್ಲಿ ಪ್ರಮಾಣವನ್ನು ನಿರ್ಧರಿಸಿದ್ದು ಪೊಟ್ಟಣದ ಗಾತ್ರ. ಬಸ್ಸೂ ಕಾರೂ ಒಂದೇ ಅಳತೆಯ ಡಬ್ಬಿಯೊಳಗೆ ಹೋಗಬೇಕಾದ್ದರಿಂದ ಬಸ್ಸನ್ನು ಹೆಚ್ಚು ಕುಗ್ಗಿಸಿದರು, ಕಾರನ್ನು ಕಡಿಮೆ.

1968ರಲ್ಲಿ ಅಮೆರಿಕದ ಮ್ಯಾಟೆಲ್ ಹದಿನಾರು ಹಾಟ್ ವೀಲ್ಸ್ ಕಾರುಗಳನ್ನು ಬಿಡುಗಡೆ ಮಾಡಿದಾಗ ಲೆಸ್ನಿಯ ಲೆಕ್ಕಾಚಾರವೆಲ್ಲ ಬುಡಮೇಲಾಯಿತು. ತೆಳುವಾದ ಆಕ್ಸಲ್, ಘರ್ಷಣೆ ಕಡಿಮೆಯಿರುವ ಚಕ್ರ, ಮಿರುಗುವ ಬಣ್ಣ. ನೆಲದ ಮೇಲೆ ಒಮ್ಮೆ ತಳ್ಳಿದರೆ ಮ್ಯಾಚ್‌ಬಾಕ್ಸ್ ಕಾರು ನಿಂತಲ್ಲಿಂದ ಹಾಟ್ ವೀಲ್ಸ್ ಬಹುದೂರ ಓಡುತ್ತಿತ್ತು. ಲೆಸ್ನಿ 1969ರಲ್ಲಿ ಸೂಪರ್‌ಫಾಸ್ಟ್ ಚಕ್ರಗಳೊಂದಿಗೆ ಉತ್ತರ ಕೊಟ್ಟಿತು. ಆದರೆ ಎಪ್ಪತ್ತೈದು ಮಾದರಿಗಳ ಸಾಲನ್ನು ಒಂದೇ ರಾತ್ರಿಯಲ್ಲಿ ಬದಲಾಯಿಸುವುದು ಯಾವ ಕಾರ್ಖಾನೆಗೂ ಸಾಧ್ಯವಿಲ್ಲ. ಹಳೆಯ ಎರಕದ ಮೇಲೆಯೇ ಹೊಸ ಚಕ್ರ ಕೂರಿಸಿದರು. ಅಗಲವಾದ ಚಕ್ರಕ್ಕೆ ಜಾಗ ಸಾಲದಿದ್ದಾಗ ಮಡ್ಗಾರ್ಡಿನ ಅಂಚನ್ನು ಅಚ್ಚಿನಲ್ಲೇ ತಿದ್ದಿದರು. ಉಳಿದಿದ್ದ ಬಣ್ಣ ಮುಗಿಯುವವರೆಗೆ ಹಳೆಯ ಬಣ್ಣದಲ್ಲೇ ಹೊರತಂದು ನಂತರ ಹೊಸ ಬಣ್ಣಕ್ಕೆ ಹೋದರು. ಹೀಗೆ ಎರಡು ಕಾಲಗಳ ನಡುವೆ ಸಿಕ್ಕಿಕೊಂಡ ಕಾರುಗಳನ್ನು ಸಂಗ್ರಾಹಕರು ‘ಟ್ರಾನ್ಸಿಶನಲ್’ ಎಂದು ಕರೆಯುತ್ತಾರೆ. ಒಂದೇ ಕಾರು, ಅದೇ ಸಂಖ್ಯೆ. ಒಂದರ ಚಕ್ರ ಕಿರಿದು, ಇನ್ನೊಂದರದು ಅಗಲ, ಒಂದು ಹಸಿರು, ಇನ್ನೊಂದು ಕೆಂಪು. ಹೊರಗಿನವರಿಗೆ ಇದು ಕ್ಷುಲ್ಲಕವೆನಿಸಬಹುದು. ಸ್ಪರ್ಧೆಯ ಹೊಡೆತಕ್ಕೆ ಸಿಕ್ಕಿದ ಒಂದು ದೊಡ್ಡ ಕಾರ್ಖಾನೆ ದಿನದಿನವೂ ಹೇಗೆ ಚಡಪಡಿಸಿತು ಎಂಬುದರ ಸಾಕ್ಷ್ಯ ಆ ಹಸಿರು ಕೆಂಪುಗಳ ನಡುವಿನ ವ್ಯತ್ಯಾಸದಲ್ಲಿದೆ ಎಂದು ನನಗನಿಸುತ್ತದೆ.

ಯಾವ ವಾರ ಯಾವ ಚಕ್ರ ಹಾಕಿದರು ಎಂಬುದನ್ನು ಕಂಪನಿಯವರು ಮುಂದಿನ ತಲೆಮಾರಿಗೆಂದು ಬರೆದಿಡುವುದಿಲ್ಲ. ಅವರ ಗಮನವೆಲ್ಲ ಮುಂದಿನ ಆರ್ಡರಿನ ಮೇಲೆ. ಮೇಲಾಗಿ ಆ ಕಂಪನಿಗಳೇ ಉಳಿಯಲಿಲ್ಲ. ಲಿವರ್‌ಪೂಲಿನ ಬಿನ್ಸ್ ರೋಡಿನ ಮೆಕಾನೊ ಕಾರ್ಖಾನೆ 1979ರ ನವೆಂಬರಿನಲ್ಲಿ ಮುಚ್ಚಿತು. ಲೆಸ್ನಿ 1982ರಲ್ಲಿ ದಿವಾಳಿಯಾಯಿತು. 1956ರಿಂದ ಪ್ಲಾಸ್ಟಿಕ್ ಕಿಟಕಿಗಳುಳ್ಳ ಕಾರ್ಗಿ ಕಾರುಗಳನ್ನು ತರುತ್ತಿದ್ದ ಮೆಟಾಯ್ 1983ರಲ್ಲಿ ಕುಸಿಯಿತು. ನಾಲ್ಕೇ ವರ್ಷಗಳಲ್ಲಿ ಬ್ರಿಟನ್ನಿನ ಮೂರು ದೊಡ್ಡ ಹೆಸರುಗಳು ಬಿದ್ದವು. ಹೆಸರುಗಳು ಆಮೇಲೆ ಕೈಯಿಂದ ಕೈಗೆ ಹೋಗುತ್ತಾ ಉಳಿದುಕೊಂಡವು; ಮ್ಯಾಚ್‌ಬಾಕ್ಸ್ ಹಾಂಗ್‌ಕಾಂಗಿನ ಯೂನಿವರ್ಸಲ್‌ಗೆ, ಅಲ್ಲಿಂದ 1992ರಲ್ಲಿ ಟೈಕೋಗೆ, 1997ರಲ್ಲಿ ತನ್ನ ಹಳೆಯ ಪ್ರತಿಸ್ಪರ್ಧಿಯಾದ ಮ್ಯಾಟೆಲ್‌ಗೇ ಸೇರಿತು. ಆದರೆ ಕಾರ್ಖಾನೆಯ ನೆಲದ ಮೇಲಿನ ವಿವರಗಳನ್ನು ಹೊಸದಾಗಿ ಜೋಡಿಸಬೇಕಾಗಿ ಬಂದದ್ದು ಕೈಯಲ್ಲಿ ಭೂತಗನ್ನಡಿ ಹಿಡಿದ ಸಂಗ್ರಾಹಕರೇ.

ಅವರ ಕೆಲಸಕ್ಕೆ ಅವಸರವೂ ಇದೆ, ಏಕೆಂದರೆ ಸಾಕ್ಷ್ಯ ಕರಗುತ್ತಿದೆ. ಈ ಕಾರುಗಳ ಲೋಹ ಸತುವಿನ ಮಿಶ್ರಲೋಹ; ಅದರಲ್ಲಿ ಶೇಕಡಾ ನಾಲ್ಕರಷ್ಟು ಅಲ್ಯೂಮಿನಿಯಂ, ಸ್ವಲ್ಪ ಮೆಗ್ನೀಸಿಯಂ, ಕೆಲವೊಮ್ಮೆ ತಾಮ್ರ ಸೇರಿರುತ್ತದೆ. ಸತುವು ಅತ್ಯಂತ ಶುದ್ಧವಾಗಿರಬೇಕು. ಸೀಸದ ಅಲ್ಪ ಕಲಬೆರಕೆಯಾದರೂ ಲೋಹದ ಹರಳುಗಳ ನಡುವಿನ ಗಡಿಗಳಲ್ಲಿ ತುಕ್ಕು ಒಳಗೊಳಗೇ ಹರಡುತ್ತದೆ, ವರ್ಷಗಳು ಕಳೆದಂತೆ ಕಾರು ಉಬ್ಬುತ್ತದೆ, ಬಣ್ಣದ ಮೇಲೆ ಕೂದಲೆಳೆಯಂಥ ಬಿರುಕುಗಳು ಕಾಣಿಸುತ್ತವೆ, ಕೊನೆಗೆ ಬೆರಳಿನ ಒತ್ತಡಕ್ಕೇ ಹಪ್ಪಳದಂತೆ ಮುರಿಯುತ್ತದೆ. ಎರಡನೆಯ ಮಹಾಯುದ್ಧಕ್ಕೆ ಮುಂಚಿನ ಡಿಂಕಿಗಳಲ್ಲಿ ಇದು ಬಹಳ. ಜಿಂಕ್ ಪೆಸ್ಟ್ ಎಂದು ಕರೆಯುವ ಇದಕ್ಕೆ ಮದ್ದಿಲ್ಲ. ಶಾಖ ಮತ್ತು ತೇವ ಅದನ್ನು ಬೇಗಗೊಳಿಸುತ್ತವೆ ಎಂಬುದು ಮಾತ್ರ ಗೊತ್ತು. ಮಂಗಳೂರು, ಉಡುಪಿ, ಕಾರವಾರದಲ್ಲಿ ಕಾರು ಇಟ್ಟುಕೊಂಡವರಿಗೆ ಮಳೆಗಾಲದ ನಾಲ್ಕು ತಿಂಗಳು ನಿಜವಾದ ಕಾಳಜಿಯ ಕಾಲ: ರಟ್ಟಿನ ಡಬ್ಬಿಗೆ ಬೂಷ್ಟು ಹಿಡಿಯುತ್ತದೆ, ಮೆದು ಪ್ಲಾಸ್ಟಿಕ್ಕಿನ ಟಯರುಗಳಿಂದ ಒಸರುವ ರಾಸಾಯನಿಕ ಪಕ್ಕದ ಗಟ್ಟಿ ಪ್ಲಾಸ್ಟಿಕ್ಕನ್ನು ಕರಗಿಸಿ ಕಚ್ಚಿಕೊಳ್ಳುತ್ತದೆ. ಗಾಜಿನ ಕಪಾಟಿನಲ್ಲಿ ಸಿಲಿಕಾ ಜೆಲ್ ಇಡುವುದು, ಕಾರಿನ ಚಕ್ರ ಪ್ಲಾಸ್ಟಿಕ್ ಪೀಠಕ್ಕೆ ತಾಗದಂತೆ ಎತ್ತಿ ನಿಲ್ಲಿಸುವುದು ಮುಂತಾದ ವಿಷಯಗಳನ್ನು ನಾನು ಕಲಿತದ್ದು ಸಂಗ್ರಾಹಕರ ಲೇಖನಗಳಿಂದಲೇ.

ಈಗ ನಮ್ಮ ದೇಶದ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಇಂಥ ಪತ್ರಿಕೆಗಳ ಬಗ್ಗೆ ನನಗಿರುವ ಕೃತಜ್ಞತೆಯ ಹೆಚ್ಚಿನ ಪಾಲು ಇಲ್ಲಿದೆ. ವಿದೇಶಿ ಆಟಿಕೆಗಳ ಆಮದಿಗೆ ಬಿಗಿ ನಿರ್ಬಂಧಗಳಿದ್ದ ದಿನಗಳಲ್ಲಿ ಭಾರತದಲ್ಲಿಯೇ ಲೋಹದ ಕಾರುಗಳು ತಯಾರಾದವು, ಮುಖ್ಯವಾಗಿ ಕಲ್ಕತ್ತಾದಲ್ಲಿ. 1960ರ ದಶಕದ ಕೊನೆಯ ಹೊತ್ತಿಗೆ ಅಲ್ಲಿನ ಕಂಪನಿಯೊಂದು ಲಿವರ್‌ಪೂಲಿನ ಹಳೆಯ ಡಿಂಕಿ ಅಚ್ಚುಗಳನ್ನು ತರಿಸಿಕೊಂಡು ನಿಕ್ಕಿ ಟಾಯ್ಸ್ ಎಂಬ ಹೆಸರಿನಲ್ಲಿ ಕಾರುಗಳನ್ನು ಹೊರತಂದಿತು. ಮ್ಯಾಕ್ಸ್‌ವೆಲ್, ಮಿಲ್ಟನ್ ಹೆಸರಿನ ಕಾರುಗಳೂ ಕಲ್ಕತ್ತಾದವೇ. ಡಿಂಕಿಯಲ್ಲಿ ಸ್ಟ್ಯಾಂಡರ್ಡ್ ಅಟ್ಲಾಸ್ ವ್ಯಾನಿನ ಆಧಾರದ ಒಂದು ಪುಟ್ಟ ಬಸ್ ಇತ್ತು, ಸಂಖ್ಯೆ 295. ಆ ವ್ಯಾನು ಭಾರತದಲ್ಲಿ ಮದ್ರಾಸಿನ ಕಾರ್ಖಾನೆಯಿಂದ ಸ್ಟ್ಯಾಂಡರ್ಡ್ 20 ಎಂಬ ಹೆಸರಿನಲ್ಲಿ ಬರುತ್ತಿತ್ತು. ಅದಕ್ಕೆ ಸರಿಯಾಗಿ ನಿಕ್ಕಿಯ ಮಾದರಿಯೂ ಸ್ಟ್ಯಾಂಡರ್ಡ್ 20 ಮಿನಿ ಬಸ್ ಆಯಿತು. ಇಂಗ್ಲೆಂಡಿನ ಅಚ್ಚಿಗೆ ಭಾರತದ ರಸ್ತೆಯ ಹೆಸರು ಸಿಕ್ಕಿದ ಈ ಒಂದು ಉದಾಹರಣೆ ನನಗೆ ಬಹಳ ಪ್ರಿಯ.

ಸ್ನೇಹಿತರೊಬ್ಬರ ಸಂಗ್ರಹದಲ್ಲಿರುವ ನಿಕ್ಕಿ ಕಾರೊಂದನ್ನು ಅದೇ ಮಾದರಿಯ ಡಿಂಕಿಯ ಪಕ್ಕಕ್ಕಿಟ್ಟು ಮಧ್ಯಾಹ್ನದ ಬೆಳಕಿನಲ್ಲಿ ನಿಧಾನವಾಗಿ ನೋಡಿದ್ದೇನೆ. ಡಿಂಕಿಯಲ್ಲಿ ಬಾಗಿಲಿನ ಗೆರೆ ಉಗುರಿಗೆ ತಾಗುತ್ತದೆ. ನಿಕ್ಕಿಯಲ್ಲಿ ಅಲ್ಲಲ್ಲಿ ಮಾಯವಾಗುತ್ತದೆ. ಸಾವಿರಾರು ಬಾರಿ ಬಿಸಿ ಲೋಹ ಕುಡಿದ ಅಚ್ಚು ಸವೆದಿತ್ತು ಎಂಬುದಕ್ಕೆ ಅದೇ ಸಾಕ್ಷಿ. ಅಚ್ಚಿನ ಎರಡು ಹೋಳುಗಳು ಕೂಡುವಲ್ಲಿ ಹೊರಚೆಲ್ಲಿದ ಲೋಹದ ತೆಳುವಾದ ಅಂಚನ್ನು ಅರದಿಂದ ಉಜ್ಜಿ ತೆಗೆದಿದ್ದಾರೆ, ಆ ಉಜ್ಜಿದ ಗೀರುಗಳು ಬಣ್ಣದ ಅಡಿಯಲ್ಲಿ ಈಗಲೂ ಕಾಣುತ್ತವೆ. ಬಣ್ಣ ದಪ್ಪ, ಗ್ರಿಲ್ಲಿನ ಗೆರೆಗಳ ನಡುವೆ ಮಡುಗಟ್ಟಿದೆ. ತಳದಲ್ಲಿ ಡಿಂಕಿ ಎಂಬ ಹೆಸರು ಇದ್ದ ಜಾಗವನ್ನು ಕೆರೆದು ಹೊಸ ಹೆಸರಿಟ್ಟಿದ್ದಾರೆ. ಬೆಲೆಪಟ್ಟಿಯ ದೃಷ್ಟಿಯಲ್ಲಿ ಇವೆಲ್ಲ ದೋಷಗಳು. ನನ್ನ ದೃಷ್ಟಿಯಲ್ಲಿ ಆ ಅರದ ಗೀರುಗಳು ಕಲ್ಕತ್ತಾದ ಒಬ್ಬ ಕೆಲಸಗಾರನ ಕೈಯ ಗುರುತು, ಅವನ ಬಗ್ಗೆ ಉಳಿದಿರುವ ಏಕೈಕ ದಾಖಲೆ.

ಮುದ್ರಿತ ಬೆಲೆಪಟ್ಟಿಯ ಪುಸ್ತಕಗಳು ನಿಕ್ಕಿಗೆ ಕೊಡುವುದು ಹೆಚ್ಚೆಂದರೆ ಅರ್ಧ ಪುಟ, ಮ್ಯಾಕ್ಸ್‌ವೆಲ್‌ಗೆ ಕೆಲವು ಸಾಲು. ಹಣಕ್ಕಾಗಿ ನಡೆಯುವ ಪತ್ರಿಕೆ ಮಾರುಕಟ್ಟೆಯಲ್ಲಿ ಬೇಡಿಕೆಯಿರುವುದರ ಬಗ್ಗೆಯೇ ಬರೆಯಬೇಕಾಗುತ್ತದೆ, ಅದು ಸಹಜ. ಉಚಿತ ಪತ್ರಿಕೆಗೆ ಈ ಹಂಗಿಲ್ಲ. ಕಲ್ಕತ್ತಾದ ಒಂದು ಸಾಧಾರಣ ಕಾರಿನ ಮೇಲೆ, ಅರ್ಜೆಂಟೀನಾದ ಮರೆತುಹೋದ ಕಂಪನಿಯೊಂದರ ಮೇಲೆ, ಸೋವಿಯತ್ ಕಾಲದ ಮಾಸ್ಕ್‌ವಿಚ್ ಕಾರಿನ ಮಾದರಿಗಳ ಮೇಲೆ ಅದು ಹತ್ತು ಪುಟ ಕೊಡಬಲ್ಲದು, ಓದುವವರು ಇಪ್ಪತ್ತೇ ಜನವಿದ್ದರೂ ಸರಿ. ಚಿತ್ರಗಳಿಗೂ ಜಾಗದ ಕೊರತೆಯಿಲ್ಲ. ಮೇಲ್ಭಾಗ, ಪಕ್ಕ, ತಳ, ಡಬ್ಬಿಯ ಆರೂ ಮುಖಗಳನ್ನು ತೋರಿಸಬಹುದು. ಹೊಸದಾಗಿ ಮುದ್ರಿಸಿದ ನಕಲಿ ಡಬ್ಬಿಗಳೂ, ಬಣ್ಣ ಬಳಿದು ಅಪರೂಪವೆಂದು ಮಾರುವ ಕಾರುಗಳೂ ಹೆಚ್ಚುತ್ತಿರುವ ಈ ದಿನಗಳಲ್ಲಿ, ಖರೀದಿಗೆ ಮುಂಚೆ ಹೋಲಿಸಿ ನೋಡಲು ಅಂಥ ಚಿತ್ರಗಳಿಗಿಂತ ದೊಡ್ಡ ರಕ್ಷಣೆ ಬೇರೊಂದಿಲ್ಲ. ಚಂದಾ ಕಟ್ಟಲು ವಿದೇಶಿ ಹಣ ಹೊಂದಿಸಲಾಗದ ಹುಬ್ಬಳ್ಳಿಯ ಕಾಲೇಜು ಹುಡುಗನಿಗೂ ಸ್ಟುಟ್‌ಗಾರ್ಟಿನ ಶ್ರೀಮಂತ ಸಂಗ್ರಾಹಕನಿಗೂ ಅದೇ ಪುಟ ತೆರೆದುಕೊಳ್ಳುತ್ತದೆ ಎಂಬುದನ್ನು ನಾನು ಸಣ್ಣ ವಿಷಯವೆಂದು ಭಾವಿಸುವುದಿಲ್ಲ.

ನಮ್ಮ ರಸ್ತೆಯ ಕಾರುಗಳನ್ನು ಹುಡುಕುವವರಿಗೂ ಆ ಪುಟಗಳಲ್ಲಿ ದಾರಿ ಸಿಗುತ್ತದೆ. ಅಂಬಾಸಿಡರಿಗೆ ಮುಂಚೆ ಹಿಂದೂಸ್ತಾನ್ ಮೋಟಾರ್ಸ್ ತಂದ ಲ್ಯಾಂಡ್‌ಮಾಸ್ಟರ್ ಮಾರಿಸ್ ಆಕ್ಸ್‌ಫರ್ಡ್ ಎರಡನೆಯ ಸರಣಿಯ ಕಾರು. ಅದೇ ಮೈಕಟ್ಟಿನ ಅಗ್ಗದ ರೂಪ ಮಾರಿಸ್ ಕೌಲಿ. ಕೌಲಿಯ ಮಾದರಿ ಕಾರ್ಗಿಯ ಮೊದಲ ವರ್ಷದ ಸಾಲಿನಲ್ಲೇ, 202ನೆಯ ಸಂಖ್ಯೆಯಾಗಿ ಇದೆ. ಹಾಗಾಗಿ ಲ್ಯಾಂಡ್‌ಮಾಸ್ಟರನ್ನು ಕಪಾಟಿನಲ್ಲಿ ಇಡಬಯಸುವವರು ಆ ಕೌಲಿಯನ್ನು ಹುಡುಕಬಹುದು. ದೆಹಲಿಯ ಸೆಂಟಿ ಕಂಪನಿಯ ಪ್ಲಾಸ್ಟಿಕ್ ಅಂಬಾಸಿಡರ್, ಪದ್ಮಿನಿ, ಆಟೋರಿಕ್ಷಾಗಳನ್ನು ನಮ್ಮ ಸಂಗ್ರಾಹಕರು ಆಟಿಕೆಯೆಂದು ದೂರವಿಡುತ್ತಾರೆ, ಅದು ಸರಿಯಲ್ಲ ಎಂದು ನನ್ನ ಖಚಿತ ಅಭಿಪ್ರಾಯ. ಜಾತ್ರೆಯಲ್ಲೂ ಬಸ್ ನಿಲ್ದಾಣದ ಅಂಗಡಿಯಲ್ಲೂ ಸಿಗುವ ಆ ಕಾರುಗಳ ಪ್ರಮಾಣ ಅಷ್ಟು ನಿಖರವಲ್ಲದಿರಬಹುದು. ಆದರೆ ಭಾರತದ ರಸ್ತೆಯನ್ನು ಇಷ್ಟು ವಿಸ್ತಾರವಾಗಿ ಮಾದರಿಗೆ ಇಳಿಸಿದವರು ವಿರಳ, ಅವುಗಳ ಬಣ್ಣ ಮತ್ತು ಸ್ಟಿಕ್ಕರುಗಳ ಬದಲಾವಣೆಗಳನ್ನು ಈಗಲೇ ಪಟ್ಟಿಮಾಡದಿದ್ದರೆ ಮುಂದೆ ಯಾರೂ ಮಾಡಲಾರರು.

ಇದಕ್ಕಿಂತ ತುರ್ತಾದದ್ದು 1980ರ ದಶಕದ ಕೊನೆ ಮತ್ತು 1990ರ ದಶಕದಲ್ಲಿ ಲಿಯೋ ಮ್ಯಾಟೆಲ್ ಹೆಸರಿನಲ್ಲಿ ಭಾರತದಲ್ಲೇ ತಯಾರಾದ ಹಾಟ್ ವೀಲ್ಸ್ ಕಾರುಗಳ ಪಟ್ಟಿ. ಬೇರೆ ದೇಶಗಳಲ್ಲಿ ಕಾಣದ ಬಣ್ಣಗಳು, ಚಿತ್ತಾರಗಳು, ಚಕ್ರಗಳ ಜೋಡಣೆಗಳು ಇವುಗಳಲ್ಲಿವೆ. ಅಮೆರಿಕ, ಯುರೋಪಿನ ಸಂಗ್ರಾಹಕರು ಈಗ ಇವುಗಳ ಬೆನ್ನು ಹತ್ತಿದ್ದಾರೆ. ಇವುಗಳ ವಿಷಯದಲ್ಲಿ ನಮಗೆ ಒಂದು ಅನುಕೂಲವಿದೆ, ಅದನ್ನು ಹೆಚ್ಚಿನವರು ಗಮನಿಸಿಲ್ಲ. ಪೊಟ್ಟಣದ ಮೇಲೆ ಬೆಲೆಯನ್ನೂ ತಯಾರಿಸಿದ ತಿಂಗಳು ಮತ್ತು ವರ್ಷವನ್ನೂ ನಮೂದಿಸಬೇಕು ಎಂಬ ನಿಯಮ ಭಾರತದಲ್ಲಿ 1977ರಿಂದಲೇ ಇದೆ. ಬೇರೆ ದೇಶದ ಸಂಗ್ರಾಹಕರು ಚಕ್ರ, ತಳ, ಬಣ್ಣಗಳಿಂದ ಊಹಿಸಿ ಹೇಳಬೇಕಾದ ಕಾಲವನ್ನು ಕಾರನ್ನು ಅಂಟಿಸಿ ಮಾರುತ್ತಿದ್ದ ನಮ್ಮ ರಟ್ಟಿನ ಕಾರ್ಡಿನ ಹಿಂಬದಿಯ ಒಂದು ಸಾಲು ತಿಂಗಳ ಸಮೇತ ಹೇಳಬಲ್ಲದು. ಮಕ್ಕಳು ಕಾರು ಕಿತ್ತುಕೊಂಡು ಕಾರ್ಡ್ ಎಸೆದದ್ದೇ ಹೆಚ್ಚು, ಹಾಗಾಗಿ ಉಳಿದಿರುವ ಕಾರ್ಡುಗಳು ಕಡಿಮೆ. ಲಿಯೋ ಕಾರುಗಳ ಬಗ್ಗೆ ನಾನು ಒಂದು ಲೇಖನ ಸಿದ್ಧಪಡಿಸುತ್ತಿದ್ದೇನೆ. ಓದುಗರಲ್ಲಿ ಯಾರ ಬಳಿಯಾದರೂ, ಅಟ್ಟದ ಮೇಲಿನ ಪೆಟ್ಟಿಗೆಯಲ್ಲೋ ಹಳೆಯ ಅಂಗಡಿಯ ಗೋದಾಮಿನಲ್ಲೋ, ಅಂಥ ಕಾರ್ಡ್ ಇದ್ದರೆ, ಹರಿದಿದ್ದರೂ, ಕಾರು ಇಲ್ಲದೆ ಬರಿಯ ರಟ್ಟೇ ಇದ್ದರೂ ಚಿಂತೆಯಿಲ್ಲ, ಅದರ ಎರಡೂ ಬದಿಗಳ ಚಿತ್ರ ತೆಗೆದು ನನಗೆ ಕಳಿಸಿ. ಬೆಲೆಯೂ ತಿಂಗಳೂ ಅಚ್ಚಾದ ಮೂಲೆಯನ್ನು ಬೇರೆಯಾಗಿ, ಹತ್ತಿರದಿಂದ, ನೆರಳು ಬೀಳದಂತೆ ತೆಗೆಯಿರಿ. ಕಾರು ಇದ್ದರೆ ಅದನ್ನು ಬೋರಲು ಹಾಕಿ ತಳದ ಅಕ್ಷರಗಳೆಲ್ಲ ಓದಲು ಬರುವಂತೆ ಇನ್ನೊಂದು ಚಿತ್ರವಿರಲಿ.